ಆರು ತಿಂಗಳು ನಿಂತ 1964ರ ಡಾಜ್ ಡಾರ್ಟ್ ಹೊರಡುತ್ತಿಲ್ಲ: ಆಟೋಮ್ಯಾಟಿಕ್ ಗೇರಿನ ಎಣ್ಣೆ ನೋಡುವ ಸರಿಯಾದ ಕ್ರಮ ಯಾವುದು?

ಒತ್ತುಗುಂಡಿ, ಮಿಶಿಗನ್

ಎಲ್ಲರಿಗೂ ನಮಸ್ಕಾರ. ಊರು ಸಾಗರದ ಕಡೆ, ಈಗ ಇರುವುದು ಡೆಟ್ರಾಯಿಟ್ ಹೊರವಲಯದಲ್ಲಿ. ಮೂರು ವರ್ಷಗಳ ಹಿಂದೆ ಪಕ್ಕದ ಬೀದಿಯ ಹಿರಿಯರೊಬ್ಬರು ಕಣ್ಣು ಮಂಜಾಯಿತೆಂದು ತಮ್ಮ 1964ರ ಡಾಜ್ ಡಾರ್ಟ್ ಮಾರಿದರು, ನಾನು ಕೊಂಡೆ. 225 ಘನ ಇಂಚಿನ ಓರೆ ಆರು ಸಿಲಿಂಡರಿನ ಎಂಜಿನ್, ಮೂರು ಗೇರಿನ ಟಾರ್ಕ್‌ಫ್ಲೈಟ್, ಅಂದರೆ ಕ್ರೈಸ್ಲರ್ ಕಂಪನಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಗೇರ್ ಹಾಕಲು ಕೋಲಿಲ್ಲ. ಸ್ಟಿಯರಿಂಗಿನ ಎಡಕ್ಕೆ ಹಳೆಯ ರೇಡಿಯೊದಂತೆ ಸಾಲು ಗುಂಡಿಗಳು. ಪಾರ್ಕ್‌ಗೆ ಮಾತ್ರ ಪಕ್ಕದಲ್ಲಿ ಬೇರೆಯದೇ ಸಣ್ಣ ಸನ್ನೆ (ಲಿವರ್).

ಇಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ನವೆಂಬರಿನಲ್ಲಿ ಗ್ಯಾರೇಜಿಗೆ ಸೇರಿದ ಗಾಡಿ ಹೊರಬರುವುದು ಏಪ್ರಿಲಿನಲ್ಲಿ. ಈ ಸಲ ತೆಗೆಯುವಾಗ ನೆಲದ ಮೇಲೆ ಊಟದ ತಟ್ಟೆಯಷ್ಟು ಅಗಲದ ಕೆಂಪು ಕಲೆ ಕಂಡಿತು. ಎಂಜಿನ್ ಹೊತ್ತಿಸಿ, ಪಾರ್ಕ್‌ನಲ್ಲೇ ಐದು ನಿಮಿಷ ಬಿಸಿ ಮಾಡಿ, ಡ್ರೈವ್ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಸುಮಾರು ಅರ್ಧ ನಿಮಿಷ ಎಂಜಿನ್ ಗುನುಗಿಕೊಂಡಿತ್ತು. ಆಮೇಲೆ ಯಾರೋ ಹಿಂದಿನಿಂದ ನೂಕಿದ ಹಾಗೆ ಗಾಡಿ ಮುಂದಕ್ಕೆ ಹೋಯಿತು.

ಹತ್ತಿರದ ವರ್ಕ್‌ಶಾಪ್ ಒಂದಕ್ಕೆ ಒಯ್ದೆ. ಅವರು ಅಳತೆಕಡ್ಡಿ ಎಳೆದು ನೋಡಿ, ಎಣ್ಣೆ ಗೆರೆಗಿಂತ ಒಂದು ಇಂಚು ಹೆಚ್ಚಾಗಿದೆ ಎಂದು ಒಂದಷ್ಟು ಹೀರಿ ತೆಗೆದರು. ಜೊತೆಗೆ ಗೇರ್‌ಬಾಕ್ಸ್ ಮುಗಿದಿದೆ, ಪೂರ್ತಿ ಬಿಚ್ಚಿ ಕಟ್ಟಬೇಕು, 3,000 ಡಾಲರಿಗೆ ಕಡಿಮೆಯಿಲ್ಲ ಎಂದರು. ಮನೆಗೆ ಬರುವ ದಾರಿಯಲ್ಲಿ ಏರಿನಲ್ಲಿ ಮೊದಲಿಲ್ಲದ ಒಂದು ಕೊರಗುವ ಸದ್ದು ಶುರುವಾಯಿತು. ಈಗ ಎಡಕ್ಕೆ ತಿರುಗಿಸಿದಾಗಲೆಲ್ಲ ಒಂದು ಕ್ಷಣ ಗೇರ್ ಬಿಟ್ಟಂತಾಗುತ್ತದೆ. ನಿಜಕ್ಕೂ ಪೆಟ್ಟಿಗೆ ಹೋಗಿದೆಯೇ?

ಮೂರನೇ ಗೇರು, ದಾವಣಗೆರೆ

ಕ್ಲಚ್ಚಿರುವ ಗಾಡಿ ಕೊಂಡಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಹೇಳಿ ಹೋದೆ ಅಷ್ಟೆ.

ಎಣ್ಣೆಕೈ, ಹುಬ್ಬಳ್ಳಿ

ಒತ್ತುಗುಂಡಿಯವರೇ, 3,000 ಡಾಲರನ್ನು ಸದ್ಯಕ್ಕೆ ಜೇಬಿನಲ್ಲೇ ಇಟ್ಟುಕೊಳ್ಳಿ. ಟೊರೊಂಟೊದಲ್ಲಿ 22 ವರ್ಷ ಇಂಥ ಪೆಟ್ಟಿಗೆಗಳನ್ನೇ ಬಿಚ್ಚಿ ಜೋಡಿಸಿ ಈಗ ಊರಿಗೆ ಬಂದು ಕೂತಿದ್ದೇನೆ. ನೀವು ಹೇಳಿದ್ದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಒಂದೇ ಮಾತು, “ಪಾರ್ಕ್‌ನಲ್ಲೇ ಐದು ನಿಮಿಷ”. ಆ ವರ್ಕ್‌ಶಾಪಿನವರು ಕಡ್ಡಿ ಎಳೆದಾಗ ಗಾಡಿ ಯಾವ ಸ್ಥಿತಿಯಲ್ಲಿತ್ತು? ಎಂಜಿನ್ ಓಡುತ್ತಿತ್ತೇ? ಬಿಸಿಯಾಗಿತ್ತೇ? ಪಾರ್ಕೋ, ನ್ಯೂಟ್ರಲ್ಲೋ?

ಒತ್ತುಗುಂಡಿ

ಎಂಜಿನ್ ಓಡುತ್ತಿತ್ತು. ಮನೆಯಿಂದ ಎರಡು ಮೈಲಿ ಬಂದಿದ್ದೆ, ಹೋಗಿ ಅರ್ಧ ಗಂಟೆ ಕಾದಿದ್ದೆ. ಸನ್ನೆ ಪಾರ್ಕ್‌ನಲ್ಲಿತ್ತು, ಅದು ಖಂಡಿತ.

ಎಣ್ಣೆಕೈ

ಹಾಗಿದ್ದರೆ ಕಥೆ ಹೀಗೆ. ಕೊಂಚ ಉದ್ದವಾಗುತ್ತದೆ, ತಾಳ್ಮೆಯಿರಲಿ.

ನಿಮ್ಮ ಪೆಟ್ಟಿಗೆಯ ಮುಂದೆ, ಎಂಜಿನ್ನಿಗೆ ಅಂಟಿಕೊಂಡು ಟಾರ್ಕ್ ಕನ್ವರ್ಟರ್ ಇದೆ. ಎದುರುಬದುರು ಇಟ್ಟ ಎರಡು ಫ್ಯಾನುಗಳು ಎಂದುಕೊಳ್ಳಿ. ಎಂಜಿನ್ ತಿರುಗಿಸುವ ಫ್ಯಾನ್ ಎಣ್ಣೆಯನ್ನು ಎಸೆಯುತ್ತದೆ, ಆ ಎಣ್ಣೆಯ ಹೊಡೆತಕ್ಕೆ ಇನ್ನೊಂದು ತಿರುಗುತ್ತದೆ. ನಡುವೆ ಎಣ್ಣೆಯಿಲ್ಲದಿದ್ದರೆ ಎಂಜಿನ್ ಎಷ್ಟು ಕೂಗಿದರೂ ಚಕ್ರಕ್ಕೆ ಸುದ್ದಿ ಮುಟ್ಟುವುದಿಲ್ಲ. ಗಾಡಿ ವಾರಗಟ್ಟಲೆ ನಿಂತರೆ ಕನ್ವರ್ಟರಿನಲ್ಲಿರುವ ಎಣ್ಣೆ ನಿಧಾನವಾಗಿ ಇಳಿದು ಕೆಳಗಿನ ಪ್ಯಾನ್ ಸೇರುತ್ತದೆ. ಹಳೆಯ ಪೆಟ್ಟಿಗೆಗಳಲ್ಲಿ ಇದು ಸಾಮಾನ್ಯ, ರೋಗವಲ್ಲ.

ಇನ್ನು ಆ ಕಾಲದ ಟಾರ್ಕ್‌ಫ್ಲೈಟಿಗೆ ಒಂದು ವಿಚಿತ್ರ ಗುಣವಿದೆ. ಪಾರ್ಕ್‌ನಲ್ಲಿ ಅದರ ಪಂಪು ಕನ್ವರ್ಟರಿಗೆ ಎಣ್ಣೆ ಕಳಿಸುವುದೇ ಇಲ್ಲ. ನ್ಯೂಟ್ರಲ್‌ನಲ್ಲಿ ಕಳಿಸುತ್ತದೆ. 1970ರ ದಶಕದ ಕೊನೆಗೆ ಕಂಪನಿಯವರು ಇದನ್ನು ಬದಲಾಯಿಸಿದರು, ಆದರೆ ನಿಮ್ಮದು 1964ರದ್ದು. ಹಾಗಾಗಿ ನೀವು ಪಾರ್ಕ್‌ನಲ್ಲಿ ಐದು ನಿಮಿಷವಲ್ಲ, ಇಡೀ ಬೆಳಗು ಬಿಸಿ ಮಾಡಿದರೂ ಕನ್ವರ್ಟರ್ ತುಂಬುತ್ತಿರಲಿಲ್ಲ. ಡ್ರೈವ್ ಒತ್ತಿದ ಮೇಲೆಯೇ ತುಂಬಲು ಶುರುವಾಯಿತು. ಆ ಅರ್ಧ ನಿಮಿಷ ಅದಕ್ಕೇ ಹೋಯಿತು.

ಅಳತೆಕಡ್ಡಿಯ ಮೋಸವೂ ಇದೇ. ಕನ್ವರ್ಟರಿನಲ್ಲಿ ಇರಬೇಕಾದ ಎಣ್ಣೆ ಪ್ಯಾನಿನಲ್ಲಿ ಕೂತಿರುವಾಗ ಅಳೆದರೆ ಹೆಚ್ಚು ಕಾಣದೆ ಇನ್ನೇನು? ಇದ್ದ ಎಣ್ಣೆಯನ್ನೇ ಹೆಚ್ಚು ಎಂದು ತೆಗೆದಿದ್ದಾರೆ. ಈಗ ನಿಜಕ್ಕೂ ಕಡಿಮೆಯಾಗಿದೆ. ಏರಿನಲ್ಲಿ ಕೊರಗುವುದು ಗಾಳಿ ಕುಡಿದ ಪಂಪು. ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ವಾಲಿದಾಗ ಫಿಲ್ಟರಿನ ಬಾಯಿ ಬರಿದಾಗುತ್ತದೆ, ಗೇರ್ ಬಿಡುತ್ತದೆ.

ಇನ್ನು ಸರಿಯಾಗಿ ಅಳೆಯುವುದು. ಇವತ್ತು ನಿಧಾನವಾಗಿ, ಏರಿಲ್ಲದ ರಸ್ತೆಯಲ್ಲಿ ಇಪ್ಪತ್ತು ನಿಮಿಷ ಓಡಿಸಿ. ಎಂಜಿನ್ನಿನ ನೀರು ಬಿಸಿಯಾದ ಮಾತ್ರಕ್ಕೆ ಗೇರಿನ ಎಣ್ಣೆ ಬಿಸಿಯಾಗಿರುವುದಿಲ್ಲ, ಅದು ಹಿಂದುಳಿಯುತ್ತದೆ. 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬರಬೇಕು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕೈಬ್ರೇಕ್ ಎಳೆದು, ಚಕ್ರಕ್ಕೆ ಮುಂದೂ ಹಿಂದೂ ಅಡ್ಡಗಲ್ಲು ಕೊಡಿ. ಕಾಲುಬ್ರೇಕ್ ಒತ್ತಿ ಹಿಡಿದು ಒಂದೊಂದೇ ಗುಂಡಿಯನ್ನು ಎರಡು ಮೂರು ಸೆಕೆಂಡಿನಂತೆ ಒತ್ತುತ್ತಾ ಬಂದು ಕೊನೆಗೆ ನ್ಯೂಟ್ರಲ್‌ಗೆ ಬನ್ನಿ. ಎಂಜಿನ್ ಆರಿಸಬೇಡಿ. ಕಡ್ಡಿಯನ್ನು ಹೊರತೆಗೆಯುವ ಮೊದಲೇ ಕೊಳವೆಯ ಬಾಯಿ ಒರೆಸಿ, ಅಲ್ಲಿನ ಮಣ್ಣು ಒಳಗೆ ಬಿದ್ದರೆ ಕವಾಟದಲ್ಲಿ ಸಿಕ್ಕಿಕೊಳ್ಳುತ್ತದೆ. ಕಡ್ಡಿ ಒರೆಸಿ, ತಳದವರೆಗೆ ತಳ್ಳಿ, ಮತ್ತೆ ಎಳೆದು ಎರಡೂ ಮುಖ ನೋಡಿ. ಎರಡರಲ್ಲಿ ಯಾವುದು ಕಡಿಮೆ ತೋರಿಸುತ್ತದೋ ಅದೇ ನಿಜ. ಇನ್ನೊಂದು ಕೊಳವೆಯ ಗೋಡೆಯಿಂದ ಮೆತ್ತಿಕೊಂಡದ್ದು.

ಒರೆಸಲು ಹಳೆಯ ಬನಿಯನ್ ಬೇಡ. ಅದು ನಾರು ಬಿಡುತ್ತದೆ. ಒಂದು ಎಳೆ ನೂಲು ಸಾಕು, ಒಳಗಿನ ಕವಾಟ ಅರ್ಧಕ್ಕೆ ನಿಂತುಬಿಡುತ್ತದೆ.

ಮಳೆಗಾಲ, ಉಡುಪಿ

ಪ್ರಶ್ನೆ ನನ್ನದೂ ಒಂದಿದೆ. ಹೆಚ್ಚಿದ್ದರೆ ಏನು ತೊಂದರೆ? ಎಂಜಿನ್ ಆಯಿಲ್ ತುಸು ಹೆಚ್ಚಾದರೆ ನಮ್ಮ ಕಡೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಎಣ್ಣೆಕೈ

ಮಜ್ಜಿಗೆ ಕಡೆದದ್ದು ನೋಡಿದ್ದೀರಲ್ಲ. ಮಟ್ಟ ಏರಿದರೆ ಒಳಗೆ ತಿರುಗುವ ಗೇರುಗಳು ಎಣ್ಣೆಯಲ್ಲಿ ಮುಳುಗಿ ಅದನ್ನು ಕಡೆಯುತ್ತವೆ, ನೊರೆ ಏಳುತ್ತದೆ. ನೊರೆಯಲ್ಲಿ ಗಾಳಿಯಿದೆ, ಗಾಳಿಯನ್ನು ಅದುಮಬಹುದು, ಆದ್ದರಿಂದ ಒತ್ತಡ ನಿಲ್ಲುವುದಿಲ್ಲ, ಪೆಟ್ಟಿಗೆಯೊಳಗೆ ಗೇರು ಹಿಡಿಯುವ ಕ್ಲಚ್ ತಟ್ಟೆಗಳು ಜಾರಿ ಸುಡುತ್ತವೆ. ಕಡಿಮೆಯಾದರೂ ಪಂಪು ಗಾಳಿಯನ್ನೇ ಎಳೆಯುತ್ತದೆ. ಎರಡಕ್ಕೂ ಲಕ್ಷಣ ಒಂದೇ ಆದ್ದರಿಂದ, ಸರಿಯಾಗಿ ಅಳೆಯದೆ “ಜಾರುತ್ತಿದೆ, ಇನ್ನಷ್ಟು ಹಾಕು” ಎನ್ನುವವರು ಮತ್ತಷ್ಟು ಕೆಡಿಸುತ್ತಾರೆ.

ಒತ್ತುಗುಂಡಿ

ಅಳೆದೆ. ಬಿಸಿ ಎಂಜಿನ್, ನ್ಯೂಟ್ರಲ್, ಅಂಗಳದ ಸಮತಟ್ಟಾದ ಜಾಗ. ಕಡ್ಡಿಯ ತುದಿಯಲ್ಲಷ್ಟೇ ಒಂದಿಷ್ಟು ಪಸೆ, ಗೆರೆಯ ಹತ್ತಿರಕ್ಕೂ ಇಲ್ಲ. ಇನ್ನು ಓಡಿಸಿದರೆ ಕೆಡುತ್ತದೆಯೆಂದು ಆರಿಸಿಬಿಟ್ಟೆ. ಕಡ್ಡಿಯ ಮೇಲೆ “ಒಂದು ಪಿಂಟ್ ಸೇರಿಸಿ” ಎಂದು ಕೊರೆದದ್ದು ಇವತ್ತೇ ಸರಿಯಾಗಿ ಕಣ್ಣಿಗೆ ಬಿತ್ತು. ಎಣ್ಣೆಯ ಬಣ್ಣ ಕೆಂಪಲ್ಲ, ಕಾಚಿನ ಬಣ್ಣ. ಯಾವ ಎಣ್ಣೆ ಹಾಕಲಿ? ಹಳೆಯ ಪುಸ್ತಕದಲ್ಲಿ “ಟೈಪ್ ಎ, ಸಫಿಕ್ಸ್ ಎ” ಎಂದಿದೆ. ಅಂಗಡಿಯಲ್ಲಿ ಕೇಳಿದರೆ ಹುಡುಗ ನನ್ನ ಮುಖ ನೋಡಿದ.

ಎಣ್ಣೆಕೈ

ಆ ಹುಡುಗನ ಅಜ್ಜ ಸಿಕ್ಕಿದ್ದರೆ ಹೇಳುತ್ತಿದ್ದ. ಟೈಪ್ ಎ ಎಂಬುದನ್ನು ಜನರಲ್ ಮೋಟಾರ್ಸ್ 1949ರಲ್ಲಿ ಗೊತ್ತುಮಾಡಿತು, ಸಫಿಕ್ಸ್ ಎ ಬಂದದ್ದು 1957ರಲ್ಲಿ, ಆಮೇಲೆ 1967ರಿಂದ ಡೆಕ್ಸ್‌ರಾನ್. ನಿಮ್ಮ ಪೆಟ್ಟಿಗೆಗೆ ಡೆಕ್ಸ್‌ರಾನ್ 3ರ ಮಟ್ಟದ ಎಣ್ಣೆ ಸರಿಹೋಗುತ್ತದೆ. ಆ ಹೆಸರಿಗೆ ಪರವಾನಗಿ ಕೊಡುವುದು 2006ರ ಕೊನೆಗೆ ನಿಂತದ್ದರಿಂದ ಡಬ್ಬಿಯ ಮೇಲೆ ಈಗ “ಡೆಕ್ಸ್/ಮರ್ಕ್” ಎಂಬಂಥ ಹೆಸರಿರುತ್ತದೆ. ಹೊಸ ಡೆಕ್ಸ್‌ರಾನ್ 6 ತೆಳುವಾದದ್ದು. ಅರವತ್ತು ವರ್ಷದ ಸೀಲುಗಳಿಗೆ ನಾನು ಹಾಕುವುದಿಲ್ಲ. ಇದು ನನ್ನ ಅಭ್ಯಾಸ, ಒಪ್ಪದವರು ಇರಬಹುದು.

ಕೊಳವೆ ಸಣ್ಣದು, ಉದ್ದನೆಯ ಲಾಳಿಕೆ ಬೇಕು. ಆರಿಸಿದ್ದು ಒಳ್ಳೆಯದಾಯಿತು. ಹೊತ್ತಿಸುವ ಮೊದಲು ಒಂದು ಪಿಂಟ್ ಹಾಕಿ. ಪಿಂಟ್ ಎಂದರೆ ಅರ್ಧ ಲೀಟರಿಗೂ ತುಸು ಕಡಿಮೆ. ಆಮೇಲೆ ಹೊತ್ತಿಸಿ, ನ್ಯೂಟ್ರಲ್, ಅಳತೆ, ಮತ್ತೆ ಒಂದು ಪಿಂಟ್. ಎಣ್ಣೆ ಕಾದ ಎಕ್ಸಾಸ್ಟ್ ಮೇಲೆ ಚೆಲ್ಲಿದರೆ ಹೊಗೆ ಮಾತ್ರವಲ್ಲ, ಬೆಂಕಿಯೂ ಬರುತ್ತದೆ.

ಕಾಗುಣಿತ, ಮೈಸೂರು

ಚರ್ಚೆಗೆ ಅಡ್ಡ ಬರುತ್ತಿದ್ದೇನೆ, ಕ್ಷಮಿಸಿ. ಈ ಅಂಕಣದ ಹೆಸರು “ವಿಂಟೇಜ್ ಆಟೋಮ್ಯಾಟಿಕ್” ಎಂದಿದೆ. ಬ್ರಿಟಿಷರ ಲೆಕ್ಕದಲ್ಲಿ ವಿಂಟೇಜ್ ಎಂದರೆ 1919ರಿಂದ 1930ರವರೆಗಿನ ಗಾಡಿ. ಪೂರ್ಣ ಆಟೋಮ್ಯಾಟಿಕ್ ಗೇರು ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಂದದ್ದು 1940ರ ಮಾದರಿಯ ಓಲ್ಡ್ಸ್‌ಮೊಬೈಲ್‌ನ ಹೈಡ್ರಾಮ್ಯಾಟಿಕ್‌ನಿಂದ. ಹಾಗಾಗಿ ಆ ಅರ್ಥದಲ್ಲಿ ವಿಂಟೇಜ್ ಆಟೋಮ್ಯಾಟಿಕ್ ಎನ್ನುವುದು ಮೊಲದ ಕೊಂಬು. ನಮ್ಮ ದೇಶದ 2021ರ ನಿಯಮದಲ್ಲಿ ಮಾತ್ರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಹೆಚ್ಚು ಬದಲಾವಣೆ ಮಾಡದ ವಾಹನವೆಲ್ಲ ವಿಂಟೇಜ್. ಹೊಸ ನೋಂದಣಿಗೆ 20,000 ರೂಪಾಯಿ, ಸಂಖ್ಯಾಫಲಕದಲ್ಲಿ “ವಿಎ” ಅಕ್ಷರಗಳು. ಒತ್ತುಗುಂಡಿಯವರ ಡಾರ್ಟ್ ಇಲ್ಲಿದ್ದಿದ್ದರೆ ತೇರ್ಗಡೆಯಾಗುತ್ತಿತ್ತು.

ಡೀಸೆಲ್ ಶಾನುಭೋಗ, ಬೆಂಗಳೂರು

ನನ್ನ 1982ರ ಮರ್ಸಿಡಿಸ್ 300ಡಿ ಹಾಗಿದ್ದರೆ ಇನ್ನೂ ಮೈನರು. ಆದರೂ ಹೇಳುವ ವಿಷಯವಿದೆ, ಹೇಳುತ್ತೇನೆ.

ಕೊಲ್ಲಿ ದೇಶದಲ್ಲಿದ್ದ ಚಿಕ್ಕಪ್ಪ ವಾಪಸು ಬರುವಾಗ ತಂದ ಗಾಡಿ ಇದು. ನಾಲ್ಕು ಗೇರಿನ ಆಟೋಮ್ಯಾಟಿಕ್. ಎರಡು ವರ್ಷದ ಹಿಂದೆ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗುವಾಗ ಒದೆಯಲು ಶುರುಮಾಡಿತು. ಹಿಂದೆ ಕೂತ ಅತ್ತೆಯ ತಲೆ ಸೀಟಿಗೆ ಬಡಿಯುವಷ್ಟು. ಒಬ್ಬ ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಬೇಕೆಂದ, ಇನ್ನೊಬ್ಬ ಬೇರೆ ಗಾಡಿಯ ಹಳೆಯ ಪೆಟ್ಟಿಗೆ ತಂದು ಕೂರಿಸುತ್ತೇನೆ ಎಂದ. ಅದೇ ವಾರ ಇನ್ನೊಂದು ತಮಾಷೆ ನಡೆಯಿತು. ಕೀಲಿ ತಿರುಗಿಸಿ ಹೊರಗೆಳೆದರೂ ಎಂಜಿನ್ ಆರಲಿಲ್ಲ. ಬಾನೆಟ್ ಎತ್ತಿ, “ಸ್ಟಾಪ್” ಎಂದು ಬರೆದ ಸನ್ನೆಯನ್ನು ಕೈಯಿಂದ ಒತ್ತಿ ಆರಿಸಬೇಕಾಯಿತು. ನಾನು ಎರಡನ್ನೂ ಬೇರೆ ಬೇರೆ ಕಾಯಿಲೆ ಎಂದುಕೊಂಡಿದ್ದೆ. ಡೈರಿಯಲ್ಲಿ ಎರಡೂ ಒಂದೇ ಪುಟದಲ್ಲಿ ಬಂದಾಗ ತಲೆಗೆ ಹೊಳೆಯಿತು.

ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲಿನದ್ದರಂತೆ ತಾನಾಗಿ ನಿರ್ವಾತ ಹುಟ್ಟುವುದಿಲ್ಲ, ಅದಕ್ಕೊಂದು ಪಂಪು ಇದೆ. ಅದೇ ಪಂಪಿನ ನಿರ್ವಾತ ಬ್ರೇಕಿಗೆ, ಎಂಜಿನ್ ಆರಿಸುವುದಕ್ಕೆ, ಬಾಗಿಲ ಬೀಗಗಳಿಗೆ, ಹಾಗೆಯೇ ಗೇರ್‌ಬಾಕ್ಸಿನ ಬದಿಯಲ್ಲಿರುವ ಮಾಡ್ಯುಲೇಟರಿಗೆ ಹೋಗುತ್ತದೆ. ಚಾಲಕ ಆಕ್ಸಿಲರೇಟರನ್ನು ಎಷ್ಟು ಒತ್ತಿದ್ದಾನೆಂದು ಮಾಡ್ಯುಲೇಟರಿಗೆ ಗೊತ್ತಾಗುವುದೇ ನಿರ್ವಾತದಿಂದ. ನಿರ್ವಾತ ಕಡಿಮೆಯಾದರೆ ಪೂರ್ತಿ ಒತ್ತಿದ್ದಾನೆ ಎಂದುಕೊಂಡು ಗೇರನ್ನು ಬಿಗಿಯಾಗಿ ಒದೆಯುತ್ತದೆ. ಕೈಪಂಪು ಹಿಡಿದು ಒಂದೊಂದೇ ಕವಲು ಪರೀಕ್ಷಿಸುತ್ತಾ ಹೋದೆ. ತೂತು ಸಿಕ್ಕಿದ್ದು ಡಿಕ್ಕಿಯ ಬೀಗದಲ್ಲಿ! ಒಳಗಿನ ರಬ್ಬರ್ ಪೊರೆ ಹರಿದಿತ್ತು. ಆ ಕವಲನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಎಂಜಿನ್ ಕೀಲಿಗೆ ಆರಿತು, ಗೇರು ಬೆಣ್ಣೆಯಂತೆ ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದರಲ್ಲಿದ್ದರು.

ನಮ್ಮ ಗಾಡಿಯಲ್ಲಿ ಎಣ್ಣೆ ಅಳೆಯುವುದು ಪಾರ್ಕ್‌ನಲ್ಲೇ, ಎಂಜಿನ್ ಓಡುತ್ತಿರುವಾಗ. ಎಣ್ಣೆಕೈ ಅವರ ಮಾತನ್ನು ಓದಿ ಯಾರೂ ಮರ್ಸಿಡಿಸ್‌ಗೂ ನ್ಯೂಟ್ರಲ್ ಎಂದು ಬರೆದುಕೊಳ್ಳದಿರಲಿ ಎಂದು ಸೇರಿಸಿದೆ. ಎರಡು ಗೆರೆಗಳ ನಡುವೆ ಇರುವುದು ಕೇವಲ 0.3 ಲೀಟರ್.

ಎಣ್ಣೆಕೈ

ಶಾನುಭೋಗರು ಸರಿಯಾಗಿ ಹೇಳಿದರು. ಪೆಟ್ರೋಲ್ ಗಾಡಿಗಳ ಮಾಡ್ಯುಲೇಟರಿಗೆ ಇನ್ನೊಂದು ಚಾಳಿಯಿದೆ, ಫೋರ್ಡ್‌ನ ಸಿ4 ಪೆಟ್ಟಿಗೆ ಇರುವವರು ಕೇಳಿ. ನೆಲದ ಮೇಲೆ ಒಂದು ಹನಿ ಇಲ್ಲ, ಆದರೂ ಎಣ್ಣೆ ಇಳಿಯುತ್ತಲೇ ಇರುತ್ತದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ. ಮಾಡ್ಯುಲೇಟರಿನ ಪೊರೆ ಹರಿದು ಎಂಜಿನ್ ಗೇರಿನ ಎಣ್ಣೆಯನ್ನು ಹೀರಿ ಸುಡುತ್ತಿರುತ್ತದೆ. ರಬ್ಬರ್ ಕೊಳವೆ ಬಿಚ್ಚಿ ಒಳಗೆ ಬೆರಳಿಡಿ, ಕೆಂಪು ಅಂಟಿದರೆ ಅದೇ. ಇದನ್ನು ತಿಳಿಯದೆ ಪಿಸ್ಟನ್ ರಿಂಗು ಬದಲಾಯಿಸಿದವರನ್ನು ನೋಡಿದ್ದೇನೆ. ಆ ಪೆಟ್ಟಿಗೆಗೆ ಹೊಂದುವ ಎಣ್ಣೆಯೂ ಬೇರೆ, ಟೈಪ್ ಎಫ್. ಅದರಲ್ಲಿ ಘರ್ಷಣೆ ನಯಗೊಳಿಸುವ ಸೇರ್ಪಡೆಗಳಿಲ್ಲ, ತಟ್ಟೆಗಳು ಗಪ್ಪನೆ ಹಿಡಿಯುತ್ತವೆ.

ನಯಗೊಳಿಸುವ ಸೇರ್ಪಡೆ ಎಂದಾಗ ನೆನಪಾಯಿತು. 1970ರ ದಶಕದ ಆರಂಭದವರೆಗೂ ಆ ಕೆಲಸಕ್ಕೆ ಬಳಸುತ್ತಿದ್ದದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆ. ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ಬದಲಿ ಹುಡುಕಲು ಎಣ್ಣೆ ಕಂಪನಿಗಳು ಸಾಕಷ್ಟು ಪರದಾಡಿದವು. ಒತ್ತುಗುಂಡಿಯವರ ಡಾರ್ಟ್ ಕಾರ್ಖಾನೆಯಿಂದ ಹೊರಬಂದಾಗ ಅದರ ಹೊಟ್ಟೆಯಲ್ಲೂ ಒಂದು ತೊಟ್ಟು ತಿಮಿಂಗಿಲ ಇದ್ದಿರಬೇಕು.

ಒತ್ತುಗುಂಡಿ

ಮೂರು ಪಿಂಟ್ ಹಿಡಿಯಿತು! ಕೊರಗು ನಿಂತಿದೆ, ತಿರುವಿನಲ್ಲಿ ಗೇರ್ ಬಿಡುತ್ತಿಲ್ಲ. ಬೆಳಿಗ್ಗೆ ಹೊತ್ತಿಸಿ ನ್ಯೂಟ್ರಲ್ ಗುಂಡಿ ಒತ್ತಿ ಒಂದು ನಿಮಿಷ ಬಿಟ್ಟೆ. ಡ್ರೈವ್ ಒತ್ತಿದ ತಕ್ಷಣ ಹೊರಟಿತು. ನನ್ನ ಹೆಂಡತಿ “3,000 ಡಾಲರ್ ಉಳಿಯಿತಲ್ಲ, ಅಡುಗೆಮನೆ ಮಾಡಿಸೋಣ” ಎನ್ನುತ್ತಿದ್ದಾಳೆ. ಅದು ಬೇರೆ ಅಂಕಣದ ವಿಷಯ.

ಎರಡು ಅನುಮಾನ ಉಳಿದಿವೆ. ನೆಲದ ಕಲೆ ಎಲ್ಲಿಂದ? ಕಾಚಿನ ಬಣ್ಣದ ಎಣ್ಣೆಯನ್ನು ಪೂರ್ತಿ ಬದಲಾಯಿಸಲೇ, ಬೇಡವೇ? ಹಿಂದಿನ ಮಾಲೀಕರು “ಅದನ್ನು ಮಾತ್ರ ಮುಟ್ಟಬೇಡ” ಎಂದು ಹೇಳಿ ಕೊಟ್ಟಿದ್ದರು.

ಮಳೆಗಾಲ

ಮುಟ್ಟಬೇಡಿ. ನನ್ನ ಪರಿಚಯದವರೊಬ್ಬರು ಚೆನ್ನಾಗಿ ಓಡುತ್ತಿದ್ದ ಗಾಡಿಗೆ ಹೊಸ ಎಣ್ಣೆ ಹಾಕಿಸಿ, ಎರಡೇ ವಾರದಲ್ಲಿ ರಿವರ್ಸ್ ಕಳೆದುಕೊಂಡರು. ಹಳೆಯ ಎಣ್ಣೆಯೇ ಅದನ್ನು ಹಿಡಿದಿಟ್ಟಿತ್ತು ಎಂದು ಗ್ಯಾರೇಜಿನವರೇ ಒಪ್ಪಿಕೊಂಡರಂತೆ.

ಡೀಸೆಲ್ ಶಾನುಭೋಗ

ನಾನು ಒಪ್ಪುವುದಿಲ್ಲ. ರಿವರ್ಸ್ ಹೋಗುವ ಮುಂಚೆಯೇ ಅವರು ಯಾಕೆ ಎಣ್ಣೆ ಬದಲಾಯಿಸಲು ಹೋದರು? ಏನೋ ಜಾರುತ್ತಿತ್ತು, ಎಣ್ಣೆ ಬದಲಿಸಿದರೆ ಸರಿಹೋದೀತು ಎಂಬ ಆಸೆಯಿಂದ. ಸಾಯುವ ಹಾಸಿಗೆಯಲ್ಲಿ ಕೊಟ್ಟ ಔಷಧಿಯೇ ಕೊಂದಿತು ಎಂದ ಹಾಗಾಯಿತು. ನಾನು 45,000 ಕಿಲೋಮೀಟರಿಗೊಮ್ಮೆ ಫಿಲ್ಟರ್ ಸಮೇತ ಬದಲಿಸುತ್ತೇನೆ, ಡೈರಿಯಲ್ಲಿ ನಾಲ್ಕು ಸಲದ ಲೆಕ್ಕವಿದೆ.

ಎಣ್ಣೆಕೈ

ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಶಾನುಭೋಗರದ್ದು ತೂಕ ಹೆಚ್ಚು. ತಟ್ಟೆಗಳ ಪದರ ಸವೆದು ಪುಡಿಯಾಗಿ ಎಣ್ಣೆಯಲ್ಲಿ ತೇಲುತ್ತಿದ್ದರೆ, ಆ ಪುಡಿಯೇ ತುಸು ಹಿಡಿತ ಕೊಡುತ್ತಿರುವುದು ಸುಳ್ಳಲ್ಲ. ಅಂಥ ಪೆಟ್ಟಿಗೆಯಲ್ಲಿ ಹೊಸ ಎಣ್ಣೆ ಹಾಕಿದರೆ ಸತ್ಯ ಬೇಗ ಹೊರಬರುತ್ತದೆ. ಎಣ್ಣೆ ಬದಲಿಸದಿದ್ದರೂ ಅದು ಹೋಗುವುದೇ, ಒಂದೆರಡು ತಿಂಗಳು ತಡವಾಗಿ.

ಆದ್ದರಿಂದ ಮೊದಲು ಎಣ್ಣೆಯನ್ನೇ ಕೇಳಿ. ಬಿಳಿ ಕಾಗದದ ಕರವಸ್ತ್ರದ ಮೇಲೆ ಒಂದು ಹನಿ ಬಿಟ್ಟು ಕಾಫಿ ಕುಡಿದು ಬನ್ನಿ. ಹನಿ ಹರಡಿ ತಿಳಿ ಕಂದು ಬಳೆಯಾದರೆ ವಯಸ್ಸಾಗಿದೆ ಅಷ್ಟೆ. ನಡುವೆ ಕಪ್ಪು ಚುಕ್ಕೆ ಕೂತು ಸುತ್ತ ಹರಡದಿದ್ದರೆ ಪುಡಿಯಿದೆ. ಆಮೇಲೆ ಮೂಸಿ ನೋಡಿ. ಕಾವಲಿಯ ಮೇಲೆ ಮರೆತ ದೋಸೆಯಂತೆ ಸೀದ ವಾಸನೆ ಬಂದರೆ ತಟ್ಟೆಗಳು ಸುಟ್ಟಿವೆ. ರೋಸ್ ಮಿಲ್ಕ್ ಬಣ್ಣಕ್ಕೆ ತಿರುಗಿದ್ದರೆ ಅದು ಇನ್ನೂ ಕೆಟ್ಟ ಸುದ್ದಿ. ರೇಡಿಯೇಟರಿನೊಳಗಿನ ಕೂಲರ್ ತೂತಾಗಿ ನೀರು ಬೆರೆತಿದೆ. ಅಂಥ ಗಾಡಿಯನ್ನು ಒಂದು ಮೈಲಿಯೂ ಓಡಿಸಬಾರದು, ತಟ್ಟೆಗಳ ಅಂಟು ಬಿಡುತ್ತದೆ.

ಕಲೆಯ ವಿಷಯ. ಕನ್ವರ್ಟರ್ ಖಾಲಿಯಾಗಿ ಪ್ಯಾನಿನ ಮಟ್ಟ ಏರಿದಾಗ ಎಣ್ಣೆ ಸಾಮಾನ್ಯವಾಗಿ ತಲುಪದ ಎತ್ತರಕ್ಕೆ ಹೋಗುತ್ತದೆ. ಅಲ್ಲಿ ಥ್ರಾಟಲ್ ಸನ್ನೆಯ ದಂಡದ ಸೀಲೂ, ನಿಮ್ಮ ಗುಂಡಿಗಳ ಕೇಬಲ್ ಒಳಹೋಗುವ ಜಾಗದ ರಬ್ಬರ್ ಬಳೆಯೂ ಇವೆ. ಅರವತ್ತು ವರ್ಷಕ್ಕೆ ಅವು ಹಪ್ಪಳವಾಗಿರುತ್ತವೆ. ಹಾಗಾಗಿ ಚಳಿಗಾಲದಲ್ಲಿ ಸೋರುತ್ತದೆ, ಓಡಾಡುವಾಗ ಸೋರುವುದಿಲ್ಲ.

ಒತ್ತುಗುಂಡಿ

ಹನಿ ಪರೀಕ್ಷೆ ಮಾಡಿದೆ. ತಿಳಿ ಕಂದು ಬಳೆ, ನಡುವೆ ಚುಕ್ಕೆಯಿಲ್ಲ. ಸೀದ ವಾಸನೆಯೂ ಇಲ್ಲ, ಹಳೆಯ ಹೊಲಿಗೆಯಂತ್ರದ ವಾಸನೆ. ಬದಲಾಯಿಸಲು ನಿರ್ಧರಿಸಿದ್ದೇನೆ. ಪ್ಯಾನಿಗೆ ಬಿರಡೆ ಇಲ್ಲವಲ್ಲ, ಎಣ್ಣೆ ತೆಗೆಯುವುದು ಹೇಗೆ?

ಎಣ್ಣೆಕೈ

ಸ್ನಾನಕ್ಕೆ ಬಿಸಿನೀರು ಕಾಯಿಸಿಟ್ಟು ಶುರುಮಾಡಿ. ತಮಾಷೆಯಲ್ಲ.

ಜಾಕಿಯ ಮೇಲೆ ಎತ್ತಿದ ಗಾಡಿಯ ಕೆಳಗೆ ಹೋಗಬೇಡಿ, ನಾಲ್ಕೂ ಕಡೆ ಸ್ಟ್ಯಾಂಡ್ ಕೊಡಿ. ಎಣ್ಣೆ ಉಗುರುಬೆಚ್ಚಗಿದ್ದರೆ ಸಾಕು. ಕುದಿ ಎಣ್ಣೆ ಮೊಣಕೈಯಿಂದ ಕಂಕುಳಿಗೆ ಇಳಿದ ಗುರುತು ನನ್ನ ಮೈಮೇಲೆ ಈಗಲೂ ಇದೆ. ಪ್ಯಾನಿಗೆ 14 ಬೋಲ್ಟುಗಳು. ಹಿಂಬದಿಯ ಒಂದು ಮೂಲೆಯವನ್ನು ಪೂರ್ತಿ ತೆಗೆದು, ಮುಂದಿನವನ್ನು ಸಡಿಲಿಸಿ ಮಾತ್ರ ಬಿಟ್ಟು, ಪ್ಯಾನನ್ನು ಮೆಲ್ಲಗೆ ಬಿಡಿಸಿ ಮೂಲೆಯಿಂದ ಸುರಿಯಲು ಬಿಡಿ. ಅಲ್ಲಿ ಬರುವುದು ಒಟ್ಟು ಎಣ್ಣೆಯ ಅರ್ಧಕ್ಕಿಂತ ಹೆಚ್ಚಿಲ್ಲ, ಉಳಿದದ್ದು ಕನ್ವರ್ಟರಿನಲ್ಲಿ. ನಿಮ್ಮ ಕಾಲದ ಕನ್ವರ್ಟರಿಗೆ ಬಿರಡೆ ಇದೆ. ಮುಂದಿನ ತಗಡಿನ ಮುಚ್ಚಳ ತೆಗೆದು, ಎಂಜಿನ್ನನ್ನು ಕೈಯಿಂದ ತಿರುಗಿಸಿದರೆ ಕೆಳಗೆ ಬರುತ್ತದೆ. ಆಮೇಲಿನ ಕಾಲದಲ್ಲಿ ಖರ್ಚು ಉಳಿಸಲು ಅದನ್ನು ಕೈಬಿಟ್ಟರು, ಪುಣ್ಯಕ್ಕೆ ನಿಮ್ಮದು ಹಳೆಯದು.

ಪ್ಯಾನಿನ ತಳಕ್ಕೆ ಬೆರಳು ಹಚ್ಚಿ ನೋಡಿ. ಬೂದು ಬಣ್ಣದ ತೆಳು ಕೆಸರು ಇದ್ದೇ ಇರುತ್ತದೆ, ಹೆದರಬೇಡಿ. ಹೊಳೆಯುವ ಹಿತ್ತಾಳೆ ಚೂರು, ಉಕ್ಕಿನ ಸಿಬಿರು, ಕಪ್ಪು ಹಲ್ಲೆಗಳು ಕಂಡರೆ ಮಾತ್ರ ಫೋಟೋ ಹಾಕಿ.

ತೆರೆದದ್ದೇ ಆದರೆ ಬ್ಯಾಂಡುಗಳನ್ನೂ, ಅಂದರೆ ಒಳಗೆ ತಿರುಗುವ ಡ್ರಮ್ಮನ್ನು ಬಿಗಿದು ಹಿಡಿಯುವ ಪಟ್ಟಿಗಳನ್ನೂ, ಸರಿಮಾಡಿ. ಕಿಕ್‌ಡೌನ್ ಬ್ಯಾಂಡಿನ ತಿರುಪು ಹೊರಗೆ, ಎಡಬದಿಯಲ್ಲಿದೆ. ಲಾಕ್‌ನಟ್ಟನ್ನು ಐದು ಸುತ್ತು ಸಡಿಲಿಸಿ, ತಿರುಪನ್ನು 72 ಇಂಚು-ಪೌಂಡಿಗೆ ಬಿಗಿದು, ಅಲ್ಲಿಂದ ಸರಿಯಾಗಿ ಎರಡು ಸುತ್ತು ಹಿಂದಕ್ಕೆ. ತಿರುಪು ಅಲುಗದಂತೆ ಹಿಡಿದು ನಟ್ಟು ಬಿಗಿಯಿರಿ. ಹಿಂದಿನ ಬ್ಯಾಂಡು ಪ್ಯಾನಿನೊಳಗಿದೆ, ಅದರ ಅಂಕಿ ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ನಿಮ್ಮ ವರ್ಷದ ಕಾರ್ಖಾನೆ ಕೈಪಿಡಿ ನೋಡಿಯೇ ಮಾಡಿ.

ಇಂಚು-ಪೌಂಡ್ ಎಂದು ಬರೆದಿದ್ದೇನೆ, ಮತ್ತೊಮ್ಮೆ ಓದಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು 72 ಅಡಿ-ಪೌಂಡ್ ಎಂದುಕೊಂಡು ದೊಡ್ಡ ಸ್ಪ್ಯಾನರ್ ಹಾಕಿದೆ. ಹನ್ನೆರಡು ಪಟ್ಟು. ಒಳಗೆ ಏನೋ “ಟಕ್” ಎಂದಿತು. ಬ್ಯಾಂಡಿನ ಊರುಗೋಲು ಮುರಿದಿತ್ತು. ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯಬೇಕಿದ್ದ ಕೆಲಸಕ್ಕೆ ಮೂರು ದಿನ ಹಿಡಿಯಿತು, ಯಜಮಾನ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು.

ಮೂರನೇ ಗೇರು

ಕ್ಲಚ್ಚಿಗೆ ಊರುಗೋಲಿಲ್ಲ. ಆದರೂ ಹೇಳುತ್ತೇನೆ, ಈ ಮಾತುಕತೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ಗುಂಡಿಯ ಕೇಬಲ್ ಕೆಟ್ಟರೆ ನೂಕಿ ಹೊತ್ತಿಸಬಹುದೇ ಇದನ್ನು?

ಎಣ್ಣೆಕೈ

ಕೇಬಲ್ ಕೆಟ್ಟರೆ ಆಗುವುದಿಲ್ಲ, ಗೇರೇ ಬೀಳುವುದಿಲ್ಲವಲ್ಲ. ಬ್ಯಾಟರಿ ಸತ್ತಿದ್ದರೆ ಆಗುತ್ತದೆ! 1965ರವರೆಗಿನ ಟಾರ್ಕ್‌ಫ್ಲೈಟುಗಳಲ್ಲಿ ಹಿಂಬದಿಗೆ ಇನ್ನೊಂದು ಪಂಪು ಇತ್ತು, ಚಕ್ರ ತಿರುಗಿದರೆ ಅದೂ ತಿರುಗಿ ಒತ್ತಡ ಹುಟ್ಟಿಸುತ್ತಿತ್ತು. 1966ರಲ್ಲಿ ಅದನ್ನು ತೆಗೆದರು. ಅಲ್ಲಿಂದ ಈಚಿನ ಗಾಡಿಗಳನ್ನು ದಾವಣಗೆರೆಯಿಂದ ಹರಿಹರದವರೆಗೆ ನೂಕಿದರೂ ಪ್ರಯೋಜನವಿಲ್ಲ.

ಒತ್ತುಗುಂಡಿ

ಶನಿವಾರ ಇಡೀ ದಿನ ಹಿಡಿಯಿತು. ಪ್ಯಾನಿನಲ್ಲಿ ಬೂದು ಕೆಸರು ಮಾತ್ರ, ರಾಗಿ ಅಂಬಲಿಯಷ್ಟು ತೆಳು. ಹಿತ್ತಾಳೆ ಇಲ್ಲ. ಫಿಲ್ಟರಿನ ಜಾಲರಿಯ ಮೇಲೆ ಒಂದು ಬಿಳಿ ನೂಲು ಸಿಕ್ಕಿತು, ಎಣ್ಣೆಕೈ ಅವರ ಬನಿಯನ್ ಮಾತು ನೆನಪಾಯಿತು. ಹಿಂದೆ ಯಾರೋ ಬೋಲ್ಟುಗಳನ್ನು ಅತಿಯಾಗಿ ಬಿಗಿದು ಪ್ಯಾನಿನ ಅಂಚು ತೂತುಗಳ ಸುತ್ತ ಗುಳಿ ಬಿದ್ದಿತ್ತು. ಮರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ ಸಮ ಮಾಡಿದೆ. ಹೊಸ ಗ್ಯಾಸ್ಕೆಟ್ ಹಾಕಿ 150 ಇಂಚು-ಪೌಂಡಿಗೆ ಬಿಗಿದೆ. ಕಿಕ್‌ಡೌನ್ ಬ್ಯಾಂಡಿಗೆ ಇಂಚು-ಪೌಂಡಿನ ಸ್ಪ್ಯಾನರ್ ಬಾಡಿಗೆಗೆ ತಂದಿದ್ದೆ. ನನ್ನದು ನಾಲ್ಕೂವರೆ ಸುತ್ತು ಸಡಿಲವಿತ್ತು.

ಕೂತ ಜಾಗದಲ್ಲೇ ಕಣ್ಣಿಗೆ ಬಿದ್ದದ್ದು ಇನ್ನೊಂದು. ಕಾರ್ಬ್ಯುರೇಟರಿನಿಂದ ಗೇರ್‌ಬಾಕ್ಸಿಗೆ ಬರುವ ಥ್ರಾಟಲ್ ಸರಳಿನ ಕೊಂಡಿಯನ್ನು ತಂತಿಯಿಂದ ಕಟ್ಟಿದ್ದರು, ಅರ್ಧ ಇಂಚಿನಷ್ಟು ಆಟವಿತ್ತು.

ಎಣ್ಣೆಕೈ

ಅದನ್ನು ಇವತ್ತೇ ಸರಿಮಾಡಿ, ಓಡಿಸುವ ಮೊದಲು! ಇಲ್ಲಿಯವರೆಗೆ ನಾವು ಮಾತಾಡಿದ ಎಲ್ಲಕ್ಕಿಂತ ಅದು ದೊಡ್ಡದು. ನೀವು ಎಷ್ಟು ಒತ್ತಿದ್ದೀರಿ ಎಂಬುದನ್ನು ಪೆಟ್ಟಿಗೆಗೆ ತಿಳಿಸುವುದು ಆ ಸರಳು. ಶಾನುಭೋಗರ ಗಾಡಿಯಲ್ಲಿ ನಿರ್ವಾತ ಮಾಡುವ ಕೆಲಸವನ್ನು ನಿಮ್ಮಲ್ಲಿ ಇದು ಮಾಡುತ್ತದೆ, ಆದರೆ ಕೆಟ್ಟಾಗ ಪರಿಣಾಮ ಉಲ್ಟಾ. ಅಲ್ಲಿ ನಿರ್ವಾತ ಸೋರಿದರೆ ಒದೆಯುತ್ತದೆ, ತಾಳಿಕೊಳ್ಳಬಹುದು. ಇಲ್ಲಿ ಸರಳು ಸಡಿಲವಾದರೆ ಒತ್ತಡ ಕಡಿಮೆಯಾಗಿ ಗೇರು ಬಹಳ ನಯವಾಗಿ ಬೀಳುತ್ತದೆ. ಮಾಲೀಕ ಖುಷಿಪಡುತ್ತಾನೆ, ಒಳಗೆ ತಟ್ಟೆಗಳು ಜಾರಿ ಜಾರಿ ಸುಡುತ್ತಿರುತ್ತವೆ. ಎಂಜಿನ್ ಆರಿಸಿ, ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿಯಲಿ. ಆಗ ಪೆಟ್ಟಿಗೆಯ ಬದಿಯ ಸನ್ನೆ ಹಿಂದಕ್ಕೆ ಕೊನೆಯವರೆಗೂ ಹೋಗಿರಬೇಕು. ಕೈಯಿಂದ ತಳ್ಳಿದರೆ ಇನ್ನೂ ಹೋಗುತ್ತದೆ ಎಂದರೆ ಸರಳಿನ ಉದ್ದ ಹೊಂದಿಸಿ.

ಒತ್ತುಗುಂಡಿ

ಮಗಳನ್ನು ಕೂರಿಸಿ ಆಕ್ಸಿಲರೇಟರ್ ಒತ್ತಿಸಿದೆ. ಸನ್ನೆ ಬೆರಳಗಲ ಹಿಂದೆ ಉಳಿದಿತ್ತು. ಹೊಸ ಕೊಂಡಿ ಹಾಕಿ ಹೊಂದಿಸಿದೆ. ಈಗ ಗೇರು ಬೀಳುವುದು ಮೊದಲಿಗಿಂತ ಗಟ್ಟಿಯಾಗಿ, ಸ್ಪಷ್ಟವಾಗಿ ಗೊತ್ತಾಗುತ್ತದೆ. ಹಗುರವಾಗಿ ಒತ್ತಿದರೆ ಗಂಟೆಗೆ 20 ಮೈಲಿ ಆಸುಪಾಸಿಗೆ ಮೂರನೆಯದಕ್ಕೆ ಬರುತ್ತದೆ. ಥ್ರಾಟಲ್ ದಂಡದ ಸೀಲು ಬದಲಾಯಿಸಿದ್ದೇನೆ, ಕೇಬಲ್ ಬಳೆ ಇನ್ನೂ ಅಂಚೆಯಲ್ಲಿದೆ.

ಆಗಸ್ಟಿನ ಮೂರನೇ ಶನಿವಾರ ಇಲ್ಲಿ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆಯ ಗಾಡಿಗಳ ಮೆರವಣಿಗೆ, 1995ರಿಂದ ನಡೆಯುತ್ತಿದೆ. ಹೋಗುತ್ತೇನೆ. ದಟ್ಟಣೆಯಲ್ಲಿ ಗಂಟೆಗಟ್ಟಲೆ ತೆವಳಬೇಕು, ಅದಕ್ಕೇನಾದರೂ ಎಚ್ಚರಿಕೆ ಇದೆಯೇ?

ಎಣ್ಣೆಕೈ

ಬಹಳ ಹೊತ್ತು ನಿಲ್ಲಬೇಕಾದಾಗ ಡ್ರೈವ್‌ನಲ್ಲಿ ಬ್ರೇಕ್ ತುಳಿದು ಕೂರಬೇಡಿ, ಕನ್ವರ್ಟರಿನೊಳಗೆ ಎಣ್ಣೆ ಸುಮ್ಮನೆ ಕಾಯುತ್ತದೆ. ನ್ಯೂಟ್ರಲ್ ಒತ್ತಿ, ಕೈಬ್ರೇಕ್ ಎಳೆಯಿರಿ.

ಡೀಸೆಲ್ ಶಾನುಭೋಗ

ಫೋಟೋ ಹಾಕಿ. ಗುಂಡಿಗಳದ್ದು ಮುಖ್ಯವಾಗಿ. ಜೆ.ಸಿ. ರಸ್ತೆಯಲ್ಲಿ ಡಿಕ್ಕಿ ಬೀಗದ ರಬ್ಬರ್ ಪೊರೆ ಯಾರಿಗಾದರೂ ಸಿಕ್ಕಿದ್ದರೆ ಅಂಗಡಿಯ ಗುರುತು ಹೇಳಿ, ಎರಡು ವರ್ಷದಿಂದ ನನ್ನ ಡಿಕ್ಕಿಗೆ ಕೀಲಿಯೇ ಗತಿ.

ಒತ್ತುಗುಂಡಿ

ಫೋಟೋ ಭಾನುವಾರ ಹಾಕುತ್ತೇನೆ. ಕೆಳಗೆ ಹಾಸಿದ್ದ ರಟ್ಟಿನ ಮೇಲೆ ಇವತ್ತು ಬೆಳಿಗ್ಗೆ ಎರಡು ಹನಿ ಇತ್ತು, ನಿನ್ನೆ ಐದು.